ಶಿಶು ಪುಡಿಹಾಲು ಮತ್ತು ನವಜಾತ ಶಿಶುವಿನ ಜೀರ್ಣಕ್ರಿಯೆ

ಶಿಶು ಪುಡಿಹಾಲು ಅಥವಾ ಫಾರ್ಮುಲಾ ಹಾಲು ಎಂಬುದು ತಾಯಿಯ ಹಾಲು ದೊರೆಯದ ಅಥವಾ ಸಾಕಾಗದ ಶಿಶುಗಳಿಗಾಗಿ, ಸಾಮಾನ್ಯವಾಗಿ ಹಸುವಿನ ಹಾಲನ್ನು ಮಾರ್ಪಡಿಸಿ ತಯಾರಿಸುವ ಆಹಾರ. ಆಡುಮಾತಿನಲ್ಲಿ ಇದನ್ನು ಡಬ್ಬಿ ಹಾಲು ಎನ್ನುತ್ತಾರೆ. ನವಜಾತ ಶಿಶು ಪದೇ ಪದೇ ಕಕ್ಕಿದಾಗ, ಸಂಜೆಯ ಹೊತ್ತು ಎಡೆಬಿಡದೆ ಅತ್ತಾಗ ಅಥವಾ ಮಲದ ಬಣ್ಣ ಬದಲಾದಾಗ, ಮಗುವಿನ ಜೀರ್ಣಶಕ್ತಿ ಸೂಕ್ಷ್ಮವೆಂದು ಭಾವಿಸಿ ಒಂದು ಡಬ್ಬಿಯನ್ನು ಬಿಟ್ಟು ಇನ್ನೊಂದನ್ನು ತರುವ ರೂಢಿ ವ್ಯಾಪಕವಾಗಿದೆ. ಇಂತಹ ಶಿಶುಗಳಲ್ಲಿ ಹೆಚ್ಚಿನವಕ್ಕೆ ವಿಶೇಷ ಪುಡಿಹಾಲಿನ ಅಗತ್ಯ ಇರುವುದಿಲ್ಲ. ಅಗತ್ಯವಿರುವ ಕೆಲವೇ ಶಿಶುಗಳಿಗೆ ಮಾತ್ರ ಸರಿಯಾದ ಆಯ್ಕೆ ಬಹಳ ಮುಖ್ಯ. ಆ ಆಯ್ಕೆ ರೋಗನಿರ್ಣಯದಿಂದ ಆಗಬೇಕೇ ಹೊರತು ಅಂಗಡಿಯ ಕಪಾಟಿನ ಮುಂದೆ ಆಗುವಂಥದ್ದಲ್ಲ.

ಮೂರು ಬಗೆಯ ಹಾಲು

ತಾಯಿಯ ಹಾಲಿನ 100 ಮಿ.ಲೀ.ನಲ್ಲಿ ಸುಮಾರು 1 ಗ್ರಾಂ ಪ್ರೋಟೀನ್, 3.5ರಿಂದ 4 ಗ್ರಾಂ ಕೊಬ್ಬು ಮತ್ತು 7 ಗ್ರಾಂ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಇರುತ್ತದೆ. ಹಸುವಿನ ಹಾಲಿನಲ್ಲಿ ಪ್ರೋಟೀನ್ ಇದರ ಮೂರು ಪಟ್ಟಿಗೂ ಹೆಚ್ಚು. ಲ್ಯಾಕ್ಟೋಸ್ ಸುಮಾರು 4.7 ಗ್ರಾಂ ಮಾತ್ರ. ಎಮ್ಮೆಯ ಹಾಲಿನಲ್ಲಿ ಪ್ರೋಟೀನ್ 4 ಗ್ರಾಂಗೆ ಸಮೀಪಿಸುತ್ತದೆ, ಕೊಬ್ಬು 7 ಗ್ರಾಂ ಆಸುಪಾಸಿನಲ್ಲಿರುತ್ತದೆ.

ಪ್ರಮಾಣಕ್ಕಿಂತಲೂ ಪ್ರೋಟೀನಿನ ಬಗೆ ಜೀರ್ಣಕ್ರಿಯೆಗೆ ಮುಖ್ಯವಾದುದು. ಹಾಲಿಗೆ ಹುಳಿ ಬಿದ್ದಾಗ ಹೆಪ್ಪುಗಟ್ಟುವ ಭಾಗ ಕೇಸೀನ್. ತಿಳಿಯಾಗಿ ಉಳಿಯುವುದು ಹಾಲೊಡಕಿನ ಪ್ರೋಟೀನ್. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಶೇ. 80ರಷ್ಟು ಕೇಸೀನ್ ಇದ್ದರೆ, ಬಲಿತ ತಾಯಿಹಾಲಿನಲ್ಲಿ ಶೇ. 60ರಷ್ಟು ಹಾಲೊಡಕಿನ ಪ್ರೋಟೀನೇ ಇರುತ್ತದೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಅದರ ಪಾಲು ಇನ್ನೂ ಹೆಚ್ಚು. ಶಿಶುವಿನ ಹೊಟ್ಟೆಯಲ್ಲಿ ತಾಯಿಯ ಹಾಲು ಮೃದುವಾದ ಸಣ್ಣ ತುಣುಕುಗಳಾಗಿ ಒಡೆಯುತ್ತದೆ. ಹಸುವಿನ ಹಾಲು ಗಟ್ಟಿ ಮುದ್ದೆಯಾಗುತ್ತದೆ. ಎಮ್ಮೆಯ ಹಾಲಿನ ಹೆಪ್ಪು ಅದಕ್ಕಿಂತಲೂ ಗಡಸು. ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುವ ಹಳೆಯ ಪದ್ಧತಿಯ ಹಿಂದೆ ಈ ಅನುಭವವಿದೆ. ಆದರೆ ನೀರು ಬೆರೆಸಿದಾಗ ಪ್ರೋಟೀನಿನೊಂದಿಗೆ ಶಕ್ತಿ, ಕೊಬ್ಬು, ಜೀವಸತ್ವ ಎಲ್ಲವೂ ತೆಳುವಾಗುತ್ತವೆ. ಕಬ್ಬಿಣವಂತೂ ಮೊದಲೇ ಅತ್ಯಲ್ಪ. ಆದುದರಿಂದ ಒಂದು ವರ್ಷ ತುಂಬುವವರೆಗೆ ಪ್ಯಾಕೆಟ್ ಹಾಲನ್ನಾಗಲಿ ಕರೆದ ಹಾಲನ್ನಾಗಲಿ ಶಿಶುವಿನ ಮುಖ್ಯ ಹಾಲಾಗಿ ಬಳಸಬಾರದೆಂಬುದು ಇಂದಿನ ವೈದ್ಯರ ಸಾಮಾನ್ಯ ಸಲಹೆ. ಯಲಹಂಕದಲ್ಲಿರುವ ಕರ್ನಾಟಕ ಹಾಲು ಮಹಾಮಂಡಳದ ಮದರ್ ಡೈರಿಯಂತಹ ಘಟಕಗಳಿಂದ ಬರುವ ಪ್ಯಾಕೆಟ್ ಹಾಲು ಶುದ್ಧವಾಗಿದ್ದರೂ ಅದು ಮನೆಮಂದಿಗಾಗಿ ಇರುವ ಹಾಲು, ಎಳೆಗೂಸಿಗಲ್ಲ. ಚಹಾ ಕಾಫಿಗೆ ಬಳಸುವ ಹಾಲಿನ ಪುಡಿಗೂ ಇದೇ ಮಾತು ಅನ್ವಯಿಸುತ್ತದೆ. ಹೆಸರಿನಲ್ಲಿಯೂ ಪೊಟ್ಟಣದಲ್ಲಿಯೂ ಹೋಲಿಕೆಯಿರುವುದರಿಂದ ಅದನ್ನೇ ಶಿಶು ಪುಡಿಹಾಲೆಂದು ತಿಳಿಯುವ ಅಪಾಯವಿದೆ.

ಕರ್ನಾಟಕದಲ್ಲಿ ನಡೆದ ಸಂಶೋಧನೆ

ಹೆಪ್ಪಿನ ಗಡಸುತನವನ್ನು ತಗ್ಗಿಸುವ ಪ್ರಶ್ನೆಗೆ ಭಾರತದಲ್ಲಿ ಮಹತ್ವದ ಉತ್ತರ ದೊರೆತದ್ದು ಕರ್ನಾಟಕದಲ್ಲಿಯೇ. ಯಶವಂತಪುರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1930ರ ದಶಕದಲ್ಲಿ ಕಮಲಾ ಸೊಹೊನಿಯವರು ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿದರು. ಮಹಿಳೆಯೆಂಬ ಕಾರಣಕ್ಕೆ ಅವರಿಗೆ ಅಲ್ಲಿ ಪ್ರವೇಶವೇ ಸುಲಭವಾಗಿ ದೊರೆತಿರಲಿಲ್ಲವೆಂಬುದು ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧ ಸಂಗತಿ. ಅದೇ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿದ್ದ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಹೋದ್ಯೋಗಿಗಳು 1940ರ ದಶಕದಲ್ಲಿ ಸೋಯಾ ಹಾಲಿನ ಕುರಿತು ಕೆಲಸ ಮಾಡಿದರು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾದಾಗ ಸುಬ್ರಹ್ಮಣ್ಯನ್ ಅವರೇ ಅದರ ಮೊದಲ ನಿರ್ದೇಶಕರಾದರು.

ಆ ಕಾಲಕ್ಕೆ ಶಿಶು ಆಹಾರದ ತಯಾರಿಕೆಯ ಜ್ಞಾನವೆಲ್ಲವೂ ಹಸುವಿನ ಹಾಲನ್ನು ಆಧರಿಸಿತ್ತು. ಭಾರತದಲ್ಲಿ ಹೇರಳವಾಗಿದ್ದುದು ಎಮ್ಮೆಯ ಹಾಲು. ಅದು ಪುಡಿ ಮಾಡಲು ತಕ್ಕುದಲ್ಲ, ಶಿಶುವಿಗಂತೂ ಸರ್ವಥಾ ಸಲ್ಲದು ಎಂಬುದು ವಿದೇಶಿ ತಜ್ಞರಲ್ಲಿ ಬೇರೂರಿದ್ದ ಅಭಿಪ್ರಾಯ. ಮೊದಲನೆಯ ಮಾತನ್ನು ಗುಜರಾತಿನ ಆಣಂದದಲ್ಲಿ ವರ್ಗೀಸ್ ಕುರಿಯನ್ ಮತ್ತು ಎಚ್. ಎಂ. ದಲಾಯ ಸುಳ್ಳಾಗಿಸಿದರು, ಅಲ್ಲಿನ ಸಹಕಾರಿ ಡೈರಿಯ ಹಾಲುಪುಡಿ ಘಟಕವನ್ನು 1955ರಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಎರಡನೆಯದನ್ನು ಸುಳ್ಳಾಗಿಸಿದ್ದು ಮೈಸೂರಿನ ಸಂಶೋಧನಾಲಯ. ಎಮ್ಮೆಯ ಹಾಲಿನ ಕೊಬ್ಬನ್ನು ಇಳಿಸಿ, ಹೆಪ್ಪು ಮೃದುವಾಗುವಂತೆ ಮಾರ್ಪಡಿಸಿ, ಜೀವಸತ್ವಗಳನ್ನೂ ಕಬ್ಬಿಣವನ್ನೂ ಸೇರಿಸಿ ಒಣಗಿಸುವ ವಿಧಾನವನ್ನು ಎಂ. ಆರ್. ಚಂದ್ರಶೇಖರ ಮೊದಲಾದ ವಿಜ್ಞಾನಿಗಳು ರೂಪಿಸಿದರು. ಈ ತಂತ್ರಜ್ಞಾನವನ್ನು ಪಡೆದ ಅಮುಲ್ ಸಂಸ್ಥೆ 1960ರ ಸುಮಾರಿಗೆ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದಿತು. ಆಮದಿನ ಮೇಲಿನ ಅವಲಂಬನೆ ಇದರಿಂದ ಗಣನೀಯವಾಗಿ ತಗ್ಗಿತು. ಹೈನು ವಿಜ್ಞಾನದ ಅಧ್ಯಯನ ಇಂದು ಹೆಬ್ಬಾಳದ ಹೈನು ವಿಜ್ಞಾನ ಮಹಾವಿದ್ಯಾಲಯದಲ್ಲಿಯೂ ನಡೆಯುತ್ತಿದೆ.

ಇದರ ನಂತರದ ದಶಕಗಳಲ್ಲಿ ಹಾಲೊಡಕಿನ ಪ್ರೋಟೀನಿನ ಪಾಲನ್ನು ಹೆಚ್ಚಿಸಿ, ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆಗಳನ್ನು ಬೆರೆಸಿದ ಪುಡಿಹಾಲುಗಳು ಸಾಮಾನ್ಯವಾದವು. ಇಂದು ಹಂತ 1 ಎಂಬ ಗುರುತಿನಲ್ಲಿ ದೊರೆಯುವ, ಹುಟ್ಟಿನಿಂದ ಆರು ತಿಂಗಳವರೆಗಿನ ಪುಡಿಹಾಲುಗಳೆಲ್ಲವೂ ಒಂದೇ ನಿಯಮಕ್ಕೆ ಒಳಪಟ್ಟಿವೆ. ಅವುಗಳ ನಡುವಿನ ವ್ಯತ್ಯಾಸ ಬೆಲೆಯಲ್ಲಿ ಕಾಣುವಷ್ಟು ಪೋಷಣೆಯಲ್ಲಿ ಇಲ್ಲ.

ಕಾಯಿಲೆಯಲ್ಲದ ಲಕ್ಷಣಗಳು

ನವಜಾತ ಶಿಶುವಿನ ಅನ್ನನಾಳದ ಕೆಳತುದಿಯ ಸ್ನಾಯು ಇನ್ನೂ ಬಿಗಿಯಾಗಿರುವುದಿಲ್ಲ. ಕುಡಿದ ಹಾಲಿನಲ್ಲಿ ಸ್ವಲ್ಪ ಮೇಲೇರಿ ಬಾಯಿಗೆ ಬರುವುದು ಸಹಜ. ಒಡೆದ ಮೊಸರಿನಂತೆ ಕಾಣುವ ಈ ಕಕ್ಕು ಸುಮಾರು ನಾಲ್ಕನೆಯ ತಿಂಗಳಿನಲ್ಲಿ ಹೆಚ್ಚಾಗಿ, ಮಗು ಕೂರಲು ನಿಲ್ಲಲು ಕಲಿಯುತ್ತಿದ್ದಂತೆ ಕಡಿಮೆಯಾಗಿ, ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ನಿಲ್ಲುತ್ತದೆ. ತೂಕ ಏರುತ್ತಿದ್ದು ಮಗು ಲವಲವಿಕೆಯಿಂದಿದ್ದರೆ ಇದಕ್ಕೆ ಚಿಕಿತ್ಸೆಯಾಗಲಿ ಬೇರೆ ಡಬ್ಬಿಯಾಗಲಿ ಬೇಕಿಲ್ಲ. ಅಗತ್ಯಕ್ಕಿಂತ ಹೆಚ್ಚು ಕುಡಿಸುವುದನ್ನು ನಿಲ್ಲಿಸಿ, ಕುಡಿಸಿದ ನಂತರ ಸ್ವಲ್ಪ ಹೊತ್ತು ಹೆಗಲಿಗೆ ಒರಗಿಸಿ ತೇಗು ಬರಿಸಿದರೆ ಸಾಕು.

ಆರೋಗ್ಯವಂತ ಶಿಶು ಕಾರಣವಿಲ್ಲದೆ ದಿನಕ್ಕೆ ಮೂರು ಗಂಟೆಗೂ ಮೇಲ್ಪಟ್ಟು, ವಾರಕ್ಕೆ ಮೂರು ದಿನಕ್ಕೂ ಮೇಲ್ಪಟ್ಟು, ಮೂರು ವಾರಗಳ ಕಾಲ ಅಳುವುದನ್ನು ಕೋಲಿಕ್ ಎಂದು 1954ರಲ್ಲಿ ಮಾರಿಸ್ ವೆಸೆಲ್ ಮತ್ತು ಸಂಗಡಿಗರು ವ್ಯಾಖ್ಯಾನಿಸಿದರು. ಇದು ಆರನೆಯ ವಾರದಲ್ಲಿ ತೀವ್ರವಾಗಿ ಮೂರು ನಾಲ್ಕು ತಿಂಗಳೊಳಗೆ ತಾನಾಗಿಯೇ ಶಮನವಾಗುತ್ತದೆ. ಬಹುಪಾಲು ಮನೆಗಳಲ್ಲಿ ಡಬ್ಬಿ ಬದಲಾಗುವುದು ಇದೇ ಅವಧಿಯಲ್ಲಿ. ಮೂರನೆಯ ಅಥವಾ ನಾಲ್ಕನೆಯ ಡಬ್ಬಿಯ ಹೊತ್ತಿಗೆ ಅಳು ತಗ್ಗಿದರೆ ಕೀರ್ತಿ ಆ ಡಬ್ಬಿಗೆ ಸಲ್ಲುತ್ತದೆ, ತಗ್ಗಿಸಿದ್ದು ಕಾಲ.

ಮಲದ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ಹೆಚ್ಚು. ತಾಯಿಯ ಹಾಲು ಕುಡಿಯುವ ಮಗು ದಿನಕ್ಕೆ ಹಲವು ಬಾರಿ ಹಳದಿಯಾಗಿ ತೆಳುವಾಗಿ ಮಲ ವಿಸರ್ಜಿಸಬಹುದು, ಕೆಲವು ವಾರಗಳು ಕಳೆದ ಮೇಲೆ ಹಲವು ದಿನಗಳಿಗೊಮ್ಮೆಯೂ ಆಗಬಹುದು. ಪುಡಿಹಾಲಿನ ಶಿಶುವಿನ ಮಲ ಅದಕ್ಕಿಂತ ಗಟ್ಟಿ. ಹಸಿರು ಅಥವಾ ಕಂದು ಛಾಯೆ ಸಾಮಾನ್ಯ. ಪುಡಿಹಾಲಿನಲ್ಲಿರುವ ಕಬ್ಬಿಣದಿಂದ ಮಲಬದ್ಧತೆಯಾಗುತ್ತದೆಂದು ಕಬ್ಬಿಣ ಕಡಿಮೆಯಿರುವ ಹಾಲನ್ನು ಹುಡುಕುವುದು ರಕ್ತಹೀನತೆಗೆ ದಾರಿ ಮಾಡಿಕೊಡುತ್ತದೆ.

ವಿಶೇಷ ಪುಡಿಹಾಲು ಬೇಕಾಗುವ ಸ್ಥಿತಿಗಳು

ಇವುಗಳಲ್ಲಿ ಮುಖ್ಯವಾದುದು ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ. ವಿದೇಶಗಳ ಅಧ್ಯಯನಗಳ ಪ್ರಕಾರ ನೂರು ಶಿಶುಗಳಲ್ಲಿ ಎರಡು ಮೂರಕ್ಕೆ ಇದು ಕಾಣಿಸಿಕೊಳ್ಳುತ್ತದೆ. ಮಲದಲ್ಲಿ ರಕ್ತದ ಎಳೆ, ಬಿಡದ ವಾಂತಿ ಭೇದಿ, ಮೈಮೇಲೆ ದದ್ದು ಅಥವಾ ತೀವ್ರ ಇಸುಬು, ತೂಕ ಏರದಿರುವುದು ಇದರ ಲಕ್ಷಣಗಳು. ತಾಯಿಯ ಹಾಲನ್ನೇ ಕುಡಿಯುವ ಮಗುವಿಗೆ ಈ ತೊಂದರೆಯಾದರೆ ಎದೆಹಾಲು ಬಿಡಿಸಬೇಕಿಲ್ಲ. ತಾಯಿ ತನ್ನ ಆಹಾರದಿಂದ ಹಾಲು, ಮೊಸರು, ಮಜ್ಜಿಗೆ, ಪನೀರ್ ಮೊದಲಾದುವನ್ನು ಎರಡರಿಂದ ನಾಲ್ಕು ವಾರ ಬಿಟ್ಟು ನೋಡುವಂತೆ ವೈದ್ಯರು ಸೂಚಿಸುತ್ತಾರೆ. ಊಟ ಮಜ್ಜಿಗೆಯಲ್ಲಿ ಮುಗಿಯುವ ಮನೆಯಲ್ಲಿ, ಬಾಣಂತಿಗೆ ಇದು ಸಣ್ಣ ಪಥ್ಯವಲ್ಲ. ಆಕೆಗೆ ಕ್ಯಾಲ್ಸಿಯಂ ಬೇರೆ ರೂಪದಲ್ಲಿ ದೊರೆಯಬೇಕು. ಲಕ್ಷಣಗಳು ತಗ್ಗಿದ ಮೇಲೆ ಮತ್ತೆ ಹಾಲನ್ನು ಕೊಟ್ಟು, ಅವು ಮರುಕಳಿಸುತ್ತವೆಯೇ ಎಂದು ವೈದ್ಯರ ಮೇಲ್ವಿಚಾರಣೆಯಲ್ಲಿ ಪರೀಕ್ಷಿಸಿದಾಗ ಮಾತ್ರ ನಿರ್ಣಯ ಗಟ್ಟಿಯಾಗುತ್ತದೆ.

ಪುಡಿಹಾಲು ಕುಡಿಯುವ ಶಿಶುವಿಗೆ ಈ ಅಲರ್ಜಿಯಿದ್ದರೆ ಪ್ರೋಟೀನನ್ನು ಬಹಳ ಚಿಕ್ಕ ತುಣುಕುಗಳಾಗಿ ಒಡೆದಿರುವ ಪುಡಿಹಾಲು ಮೊದಲ ಆಯ್ಕೆ. ಅದೂ ಒಗ್ಗದ ಕೆಲವರಿಗೆ ಮತ್ತು ಅತಿ ತೀವ್ರ ಅಲರ್ಜಿಯಿರುವವರಿಗೆ ಅಮೈನೋ ಆಮ್ಲಗಳಿಂದಲೇ ತಯಾರಿಸಿದ ಪುಡಿಹಾಲು ಬೇಕು. ಇವುಗಳ ಬೆಲೆ ಸಾಮಾನ್ಯ ಡಬ್ಬಿಯ ಹಲವು ಪಟ್ಟು, ರುಚಿ ಕಹಿ. ಪ್ರೋಟೀನನ್ನು ಭಾಗಶಃ ಮಾತ್ರ ಒಡೆದು, ಸುಲಭವಾಗಿ ಜೀರ್ಣವಾಗುತ್ತದೆಂಬ ಹೆಸರಿನಲ್ಲಿ ಮಾರುವ ಪುಡಿಹಾಲುಗಳು ಈ ಅಲರ್ಜಿಗೆ ಚಿಕಿತ್ಸೆಯಲ್ಲ. ಖರೀದಿಸುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮೇಕೆಯ ಹಾಲು ಮತ್ತು ಎ2 ಎಂಬ ಹೆಸರಿನ ನಾಟಿ ಹಸುವಿನ ಹಾಲು ಕೂಡ ಪರಿಹಾರವಾಗಲಾರವು; ಮೇಕೆಯ ಹಾಲಿನ ಪ್ರೋಟೀನುಗಳು ಹಸುವಿನ ಹಾಲಿನವನ್ನು ಬಹಳವಾಗಿ ಹೋಲುವುದರಿಂದ ಅಲರ್ಜಿ ಹಾಗೆಯೇ ಮುಂದುವರಿಯುತ್ತದೆ. ಸೋಯಾ ಪುಡಿಹಾಲು ಅಗ್ಗವಾದರೂ ಹಸುವಿನ ಹಾಲು ಒಗ್ಗದ ಶಿಶುಗಳಲ್ಲಿ ಕೆಲವರಿಗೆ ಸೋಯಾ ಕೂಡ ಒಗ್ಗುವುದಿಲ್ಲ; ಆರು ತಿಂಗಳೊಳಗೆ ಅದನ್ನು ಸಾಮಾನ್ಯವಾಗಿ ಸೂಚಿಸುವುದಿಲ್ಲ.

ಲ್ಯಾಕ್ಟೋಸ್ ಒಗ್ಗದಿರುವುದು ಮತ್ತು ಹಾಲಿನ ಅಲರ್ಜಿ ಒಂದೇ ಅಲ್ಲ. ದೊಡ್ಡವರಲ್ಲಿ ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವುದು ದಕ್ಷಿಣ ಭಾರತದಲ್ಲಿ ಸಾಮಾನ್ಯವಾದುದರಿಂದ ಶಿಶುವಿಗೂ ಅದೇ ಇರಬೇಕೆಂದು ಊಹಿಸಲಾಗುತ್ತದೆ. ಆದರೆ ತಿಂಗಳು ತುಂಬಿ ಹುಟ್ಟಿದ ಶಿಶುವಿನಲ್ಲಿ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ಸಾಕಷ್ಟಿರುತ್ತದೆ; ಹುಟ್ಟಿನಿಂದಲೇ ಅದು ಇಲ್ಲದಿರುವುದು ಅತಿ ವಿರಳ, ಅಂತಹ ಪ್ರಕರಣಗಳು ಹೆಚ್ಚಾಗಿ ವರದಿಯಾಗಿರುವುದು ಫಿನ್ಲೆಂಡಿನಿಂದ. ತೀವ್ರ ಭೇದಿಯ ನಂತರ ಕರುಳಿನ ಒಳಪದರ ಸವೆದಾಗ ತಾತ್ಕಾಲಿಕ ತೊಂದರೆ ಬರಬಹುದು. ಆಗಲೂ ಎದೆಹಾಲು ನಿಲ್ಲಿಸಬಾರದು. ಪುಡಿಹಾಲಿನ ಶಿಶುವಿಗೆ ಕೆಲಕಾಲ ಲ್ಯಾಕ್ಟೋಸ್ ರಹಿತ ಪುಡಿಹಾಲನ್ನು ವೈದ್ಯರು ಸೂಚಿಸಬಹುದು. ಎದೆಹಾಲನ್ನೂ ನಿಲ್ಲಿಸಬೇಕಾದ ಅಪರೂಪದ ಕಾಯಿಲೆ ಗ್ಯಾಲಾಕ್ಟೋಸೀಮಿಯ ಎಂಬ ಅನುವಂಶೀಯ ದೋಷ. ಇದರಲ್ಲಿ ಸೋಯಾ ಪುಡಿಹಾಲು ಜೀವ ಉಳಿಸುತ್ತದೆ.

ಅಕ್ಕಿಯ ಪಿಷ್ಟ ಅಥವಾ ಕ್ಯಾರೋಬ್ ಅಂಟಿನಿಂದ ಮಂದಗೊಳಿಸಿದ ಪುಡಿಹಾಲುಗಳು ಕಕ್ಕುವುದನ್ನು ಕಣ್ಣಿಗೆ ಕಾಣುವಂತೆ ತಗ್ಗಿಸುತ್ತವೆ. ತೂಕಕ್ಕೇ ಧಕ್ಕೆಯಾಗುವಷ್ಟು ಕಕ್ಕುವ ಮಗುವಿಗೆ ಮಾತ್ರ, ವೈದ್ಯರು ಹೇಳಿದರೆ, ಇವು ಉಪಯುಕ್ತ.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಸಂಗತಿಯೇ ಬೇರೆ. ಪುಡಿಹಾಲು ಕುಡಿಯುವ ಇಂತಹ ಶಿಶುಗಳಲ್ಲಿ ಕರುಳಿನ ಅಂಗಾಂಶವೇ ಕೊಳೆಯುವ ಮಾರಕ ಕಾಯಿಲೆಯ ಅಪಾಯ ಹೆಚ್ಚು. ತಾಯಿಯ ಹಾಲು ಸಾಲದಾದಾಗ ದಾನಿ ತಾಯಂದಿರ ಪಾಶ್ಚರೀಕರಿಸಿದ ಹಾಲು ಉತ್ತಮ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕು 1989ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಬೆಂಗಳೂರಿನ ಸರ್ಕಾರಿ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಎಂಬ ಹೆಸರಿನ ಬ್ಯಾಂಕು ತೆರೆಯಿತು. ತಾಯಿಹಾಲನ್ನು ಸಂಸ್ಕರಿಸಿ ಮಾರುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲವೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2024ರ ಮೇ ತಿಂಗಳಿನಲ್ಲಿ ಎಚ್ಚರಿಸಿತು.

ಕಾನೂನು ಮತ್ತು ಡಬ್ಬಿಯ ಬರಹ

ಶಿಶು ಹಾಲಿನ ಬದಲಿ ಆಹಾರ, ಹಾಲಿನ ಬಾಟಲಿ ಮತ್ತು ಶಿಶು ಆಹಾರಗಳನ್ನು ನಿಯಂತ್ರಿಸುವ ಕೇಂದ್ರ ಕಾಯ್ದೆ 1992ರಲ್ಲಿ ಅಂಗೀಕಾರವಾಗಿ 2003ರಲ್ಲಿ ತಿದ್ದುಪಡಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 1981ರ ಸಂಹಿತೆ ಇದಕ್ಕೆ ಆಧಾರ. ಇದರಂತೆ ಪುಡಿಹಾಲಿನ ಜಾಹೀರಾತು, ಉಚಿತ ಮಾದರಿ ಹಂಚುವುದು, ಡಬ್ಬಿಯ ಮೇಲೆ ತಾಯಿ ಅಥವಾ ಮಗುವಿನ ಚಿತ್ರ ಹಾಕುವುದು ನಿಷಿದ್ಧ. ತಾಯಿಯ ಹಾಲೇ ಶ್ರೇಷ್ಠವೆಂಬ ಎಚ್ಚರಿಕೆ ಡಬ್ಬಿಯ ಮೇಲಿರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಆರು ತಿಂಗಳೊಳಗಿನ ಶಿಶುಗಳಲ್ಲಿ ತಾಯಿಯ ಹಾಲನ್ನು ಮಾತ್ರ ಪಡೆಯುತ್ತಿದ್ದವು ಶೇ. 63.7.

ಡಬ್ಬಿಯನ್ನು ಓದುವಾಗ ಮುಂಭಾಗದ ಹೆಸರಿಗಿಂತ ಹಿಂಬದಿಯ ಪದಾರ್ಥಗಳ ಪಟ್ಟಿ ಹೆಚ್ಚು ತಿಳಿಸುತ್ತದೆ. ಮಗುವಿನ ವಯಸ್ಸಿಗೆ ತಕ್ಕ ಹಂತ, ಪ್ರೋಟೀನ್ ಇಡಿಯಾಗಿದೆಯೇ ಒಡೆದಿದೆಯೇ ಎಂಬುದು, ಸಕ್ಕರೆ ಲ್ಯಾಕ್ಟೋಸೇ ಅಥವಾ ಸುಕ್ರೋಸ್ ಬೆರೆಸಲಾಗಿದೆಯೇ ಎಂಬುದು, ಬಳಕೆಯ ಕೊನೆಯ ದಿನಾಂಕ, ಇಷ್ಟನ್ನು ನೋಡಬೇಕು. ಉಪಯುಕ್ತ ಬ್ಯಾಕ್ಟೀರಿಯಾ ಸೇರಿಸಿರುವುದಾಗಿ ಹೇಳುವ ಡಬ್ಬಿಗಳಿಂದ ಹೆಚ್ಚಿನ ಪ್ರಯೋಜನ ದೃಢಪಟ್ಟಿಲ್ಲ.

ನೀರು ಮತ್ತು ತಯಾರಿಸುವ ಕ್ರಮ

ಡಬ್ಬಿಯ ಆಯ್ಕೆಗಿಂತ ತಯಾರಿಯ ತಪ್ಪುಗಳೇ ಹೊಟ್ಟೆ ಕೆಡಲು ಹೆಚ್ಚು ಕಾರಣ. ಉತ್ತರ ಬೆಂಗಳೂರಿನಲ್ಲಿ ಇದರ ಮೊದಲ ಪ್ರಶ್ನೆ ನೀರು. ಹೆಬ್ಬಾಳ, ಯಲಹಂಕ ಮತ್ತು ಅವುಗಳಾಚೆಯ ಬಡಾವಣೆಗಳಲ್ಲಿ ಬಹುಕಾಲ ಕೊಳವೆಬಾವಿ ಮತ್ತು ಟ್ಯಾಂಕರ್ ನೀರೇ ಆಧಾರವಾಗಿತ್ತು. ನಗರಕ್ಕೆ 2007ರಲ್ಲಿ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ನಗರ ತೀವ್ರ ನೀರಿನ ಅಭಾವ ಕಂಡಿತ್ತು.

ಕೊಳವೆಬಾವಿಯ ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಒಳಚರಂಡಿ ಮತ್ತು ಗೊಬ್ಬರದ ಅಂಶ ಅಂತರ್ಜಲಕ್ಕೆ ಇಳಿಯುವ ಕಡೆಗಳಲ್ಲಿ ಇದು ಹೆಚ್ಚಿರುತ್ತದೆ. ಅತಿಯಾದ ನೈಟ್ರೇಟ್ ಶಿಶುವಿನ ರಕ್ತ ಆಮ್ಲಜನಕವನ್ನು ಒಯ್ಯದಂತೆ ತಡೆದು ಮಗು ನೀಲಿಗಟ್ಟುವಂತೆ ಮಾಡಬಲ್ಲದು. ಆರು ತಿಂಗಳೊಳಗಿನ ಪುಡಿಹಾಲಿನ ಶಿಶುಗಳಿಗೆ ಈ ಅಪಾಯ ಎಲ್ಲರಿಗಿಂತ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕಾವೇರಿ ನೀರು, ಅಥವಾ ಸುಸ್ಥಿತಿಯಲ್ಲಿರುವ ಆರ್‌ಒ ಯಂತ್ರದ ಇಲ್ಲವೇ ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕುದಿಸಿ ಬಳಸುವುದು ಸೂಕ್ತ.

ಪುಡಿಹಾಲು ರೋಗಾಣುರಹಿತ ವಸ್ತುವಲ್ಲ. ಅದರಲ್ಲಿ ಅಪರೂಪಕ್ಕೆ ಕ್ರೋನೊಬ್ಯಾಕ್ಟರ್ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಇರಬಹುದಾದುದರಿಂದ, ಕುದಿಸಿದ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮೊದಲೇ ಪುಡಿ ಬೆರೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ ಹೇಳಿದೆ. ಕುದಿಸಿದ ನಂತರ ಅರ್ಧ ಗಂಟೆ ಮೀರಬಾರದು. ಮೊದಲು ನೀರನ್ನು ಅಳೆದು ಆಮೇಲೆ ಪುಡಿ ಹಾಕಿ, ಬಾಟಲಿ ಅಥವಾ ಲೋಟವನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಹನಿಸಿ ನೋಡಿ ಕುಡಿಸಬೇಕು. ತಯಾರಿಸಿದ ಹಾಲನ್ನು ಎರಡು ಗಂಟೆಯೊಳಗೆ ಬಳಸಬೇಕು; ಮಗು ಕುಡಿದು ಉಳಿಸಿದ್ದನ್ನು ಚೆಲ್ಲಬೇಕು.

ಅಳತೆಯಲ್ಲಿ ಉಳಿತಾಯ ಮಾಡುವಂತಿಲ್ಲ. ಐದು ಕಿಲೋ ತೂಕದ ಮಗು ಕಿಲೋಗೆ 150 ಮಿ.ಲೀ. ಲೆಕ್ಕದಲ್ಲಿ ದಿನಕ್ಕೆ ಸುಮಾರು 750 ಮಿ.ಲೀ. ಕುಡಿಯುತ್ತದೆ, 100 ಮಿ.ಲೀ.ಗೆ ಸುಮಾರು 13 ಗ್ರಾಂ ಪುಡಿಯೆಂದರೆ 400 ಗ್ರಾಂ ಡಬ್ಬಿ ನಾಲ್ಕು ದಿನಕ್ಕೆ ಮುಗಿಯುತ್ತದೆ. ದಿನಗೂಲಿಯ ಮನೆಗಳಲ್ಲಿ ಡಬ್ಬಿಯನ್ನು ವಾರಕ್ಕೆ ಎಳೆಯಲು ನೀರು ಹೆಚ್ಚಿಸುವ ಒತ್ತಡ ಹುಟ್ಟುವುದು ಇಲ್ಲಿಯೇ. ತೆಳುವಾದ ಹಾಲಿನಿಂದ ಮಗು ಸೊರಗುತ್ತದೆ, ಸೋಡಿಯಂ ಕುಸಿದು ಸೆಳೆತ ಬರಬಹುದು. ಪುಷ್ಟಿಗೆಂದು ಒಂದು ಚಮಚ ಹೆಚ್ಚು ಹಾಕಿದರೆ ನಿರ್ಜಲತೆ, ಮಲಬದ್ಧತೆ. ಒಂದು ಡಬ್ಬಿಯ ಚಮಚವನ್ನು ಮತ್ತೊಂದಕ್ಕೆ ಬಳಸುವುದೂ ತಪ್ಪು. ಅವುಗಳ ಅಳತೆ ಬೇರೆ ಬೇರೆ.

ಕುಡಿಸಲು ಬಾಟಲಿಗಿಂತ ಲೋಟ, ಚಮಚ ಅಥವಾ ಒಳಲೆ ಮೇಲು. ಮೂತಿಯುಳ್ಳ ಪುಟ್ಟ ಲೋಹದ ಪಾತ್ರೆಯಾದ ಒಳಲೆಯನ್ನು ತೊಳೆದು ಕುದಿಸುವುದು ಸುಲಭ. ಬಾಟಲಿಯ ನಿಪ್ಪಲಿನ ಸಂದಿಗಳಲ್ಲಿ ಹಾಲಿನ ಜಿಡ್ಡು ಉಳಿಯುತ್ತದೆ.

ಮನೆಯ ರೂಢಿಗಳು

ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್ ಕುಡಿಸುವುದು ಹಳೆ ಮೈಸೂರು ಸೀಮೆಯಲ್ಲಿ ಇಂದಿಗೂ ಬಳಕೆಯಲ್ಲಿವೆ. ಇವುಗಳಿಂದ ಅಳು ನಿಲ್ಲುವುದಕ್ಕೆ ಆಧಾರವಿಲ್ಲ; ತೇಯುವ ಕಲ್ಲು ಮತ್ತು ನೀರಿನಿಂದ ಸೋಂಕು ತಗಲಬಹುದು. ಜೇನು ನೆಕ್ಕಿಸುವುದು ಒಂದು ವರ್ಷದವರೆಗೆ ಅಪಾಯಕರ. ಅದರಲ್ಲಿ ಬೊಟುಲಿಸಂ ಉಂಟುಮಾಡುವ ಬೀಜಕಗಳು ಇರಬಹುದು. ರಾಗಿ ಮಣ್ಣಿ ಒಳ್ಳೆಯ ಆಹಾರ, ಆದರೆ ಆರು ತಿಂಗಳು ತುಂಬಿದ ಮೇಲೆ. ಮೊದಲ ದಿನಗಳ ಹಳದಿ ಛಾಯೆಯ ಎದೆಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಈಗ ಬಹಳಮಟ್ಟಿಗೆ ತಗ್ಗಿದೆ.

ವೈದ್ಯರನ್ನು ತಡಮಾಡದೆ ಕಾಣಬೇಕಾದ ಸಂದರ್ಭಗಳು

ಹುಟ್ಟಿದ ಮಗು ಮೊದಲ ದಿನಗಳಲ್ಲಿ ಸ್ವಲ್ಪ ತೂಕ ಕಳೆದುಕೊಂಡು ಎರಡು ವಾರದೊಳಗೆ ಅದನ್ನು ಮರಳಿ ಪಡೆಯುತ್ತದೆ. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಭೇಟಿ ನೀಡಿ ತೂಕ ನೋಡುವ ವ್ಯವಸ್ಥೆಯಿದೆ. ಜೀರ್ಣಶಕ್ತಿ ಸರಿಯಿದೆಯೇ ಎಂಬ ಪ್ರಶ್ನೆಗೆ ಕಕ್ಕಿನ ಲೆಕ್ಕಕ್ಕಿಂತ ಆ ತಕ್ಕಡಿ ಹೆಚ್ಚು ನಂಬಿಕೆಯ ಉತ್ತರ ಕೊಡುತ್ತದೆ.

ಹಸಿರು ಪಿತ್ತದ ವಾಂತಿ, ಉಬ್ಬಿ ಗಟ್ಟಿಯಾದ ಹೊಟ್ಟೆ, ಮಲದಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಹಾಲನ್ನು ನಿರಾಕರಿಸಿ ಮಂಕಾಗುವುದು ಕಂಡರೆ ಡಬ್ಬಿ ಬದಲಿಸಿ ಕಾಯುವಂತಿಲ್ಲ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮೂರು ತಿಂಗಳೊಳಗಿನ ಶಿಶುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಜ್ವರ ಬಂದಾಗಲೂ ಹಾಗೆಯೇ. ಮೂರರಿಂದ ಆರು ವಾರದ ಮಗು ಪ್ರತಿ ಬಾರಿಯೂ ಚಿಮ್ಮಿದಂತೆ ವಾಂತಿ ಮಾಡಿ ಮತ್ತೆ ಹಸಿವಿನಿಂದ ಅಳುತ್ತಿದ್ದರೆ ಜಠರದ ಹೊರದಾರಿ ಕಟ್ಟಿಕೊಂಡಿರಬಹುದು. ಇದಕ್ಕೆ ಶಸ್ತ್ರಚಿಕಿತ್ಸೆ ಬೇಕು. ಕಾಮಾಲೆಯೊಂದಿಗೆ ಮಲ ಸುಣ್ಣದಂತೆ ಬಿಳಿಚಿಕೊಂಡರೆ ಪಿತ್ತನಾಳಗಳ ದೋಷವನ್ನು ಶಂಕಿಸಬೇಕು. ಅದಕ್ಕೆ ಮಾಡುವ ಶಸ್ತ್ರಚಿಕಿತ್ಸೆ ಮಗುವಿಗೆ ಎರಡು ತಿಂಗಳು ತುಂಬುವುದರೊಳಗೆ ನಡೆದರೆ ಫಲಿಸುವ ಸಾಧ್ಯತೆ ಹೆಚ್ಚು.